ಅತ್ತೆ ಕೂತರೆ ಹ್ಯಾಂಗ್ ಆಗದ ಕಂಪ್ಯೂಟರು

ನನ್ನ ಅತ್ತೆಯ ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದವನ್ನೆಲ್ಲ ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕೂತು ಬುಡಕ್ಕೆ ಕತ್ತರಿಸುತ್ತಿದ್ದ ಅವರು ಈ ಒಂದನ್ನು ಮಾತ್ರ ಸಾಕುತ್ತಿದ್ದರು. ಸಾಕುವುದು ಎಂದೇ ಹೇಳಬೇಕು, ಯಾಕೆಂದರೆ ಅದಕ್ಕೆ ತೆಂಗಿನೆಣ್ಣೆ ಹಚ್ಚುತ್ತಿದ್ದರು, ಅಂಚನ್ನು ಗೆರಟೆಯ ಒರಟು ಬದಿಗೆ ಉಜ್ಜಿ ನಯ ಮಾಡುತ್ತಿದ್ದರು. ಹಳದಿಗೆ ತಿರುಗಿ, ದಪ್ಪವಾಗಿ, ತುದಿಯಲ್ಲಿ ತುಸು ಬಾಗಿದ್ದ ಆ ಉಗುರಿನಿಂದ ಬೆಳ್ಳುಳ್ಳಿ ಸುಲಿಯುತ್ತಿದ್ದರು, ಹಲಸಿನ ಬೀಜದ ಬಿಳಿ ಸಿಪ್ಪೆ ತೆಗೆಯುತ್ತಿದ್ದರು, ಮುಚ್ಚಳ ಕಚ್ಚಿಕೊಂಡ ಡಬ್ಬ ತೆರೆಯುತ್ತಿದ್ದರು. ಮತ್ತೆ, ಕಂಪ್ಯೂಟರಿನ ಬದಿಯ ತಗಡು ಬಿಚ್ಚಿ, ಒಳಗೆ ರ‍್ಯಾಮ್ ಪಟ್ಟಿಗಳನ್ನು ಹಿಡಿದಿಡುವ ಪುಟ್ಟ ಕ್ಲಿಪ್ಪುಗಳನ್ನು ಟಕ್ಕೆಂದು ಎಬ್ಬಿಸುತ್ತಿದ್ದರು. ಆ ಸದ್ದು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಸುತ್ತಿ ಬಳಸಿ ಹೇಳುವುದು ಬೇಡ. ತೀರಿಹೋದವರ ಬಗ್ಗೆ ಬರೆಯುವಾಗ ಎಲ್ಲರೂ ದೇವರಂಥವರಾಗಿಬಿಡುತ್ತಾರೆ. ನನ್ನ ಅತ್ತೆ ದೇವರಂಥವರೇನೂ ಅಲ್ಲ. ಜಂಬ ಇತ್ತು, ಹಟ ಇತ್ತು, ಮಾತಿನಲ್ಲಿ ಯಾರನ್ನೂ ಗೆಲ್ಲಲು ಬಿಡುತ್ತಿರಲಿಲ್ಲ. ಮೂಡುಬಿದಿರೆಯಿಂದ ಮದುವೆಯಾಗಿ ಬೆಳ್ತಂಗಡಿಯ ಈ ಮನೆಗೆ ಕಾಲಿಟ್ಟ ದಿನದಿಂದ ನಾನು ಅವರ ಮೇಲೆ ಹೊಟ್ಟೆಕಿಚ್ಚು ಪಟ್ಟವಳು. ಬೇರೆ ಸೊಸೆಯಂದಿರು ಅತ್ತೆಗೆ ಹೆದರುತ್ತಾರೆ, ಇಲ್ಲವೇ ತವರಿಗೆ ಫೋನು ಮಾಡಿ ದೂರುತ್ತಾರೆ. ನನಗೆ ಅವೆರಡೂ ಸರಿಯಾಗಿ ಬರಲಿಲ್ಲ. ಬಂದದ್ದು ಹೊಟ್ಟೆಕಿಚ್ಚು ಮಾತ್ರ, ಅದು ಧಾರಾಳವಾಗಿ ಬಂತು.

ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಂಬರು ಕೇಳಿ, ತಂತಿ ಚುಚ್ಚಿ ಟ್ರಂಕ್ ಕಾಲ್ ಜೋಡಿಸುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ, ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ನಿವೃತ್ತರಾದರು. ವಿಟ್ಲದ ಅಡಿಕೆ ವ್ಯಾಪಾರಿಗಳು, ಧರ್ಮಸ್ಥಳದ ಲಾಡ್ಜುಗಳವರು, ಗಲ್ಫಿನಿಂದ ಮಗನ ಕರೆ ಬರುತ್ತದೆಂದು ಕಾಯುತ್ತಿದ್ದ ತಾಯಂದಿರು, ಎಲ್ಲರ ದನಿಯೂ ಅವರಿಗೆ ಗುರುತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಪರಿಚಯದ ನಗು ನಕ್ಕರೆ ಮುಖ ನೋಡಿ ಪೆಚ್ಚಾಗಿ ನಿಲ್ಲುತ್ತಿದ್ದರು. "ನೀವು ಒಮ್ಮೆ ಹಲೋ ಹೇಳಿ, ಮತ್ತೆ ಗೊತ್ತಾಗ್ತದೆ ನನಗೆ" ಎನ್ನುತ್ತಿದ್ದರು. ಆ ಮನುಷ್ಯ ಬೀದಿಯಲ್ಲಿ ನಿಂತು ಹಲೋ ಅನ್ನಬೇಕು.

ನಮ್ಮ ಮನೆಮಾತು ತುಳು. ನಾನು ಅವರನ್ನು ಕರೆಯುತ್ತಿದ್ದದ್ದು ಮಾಮಿ ಎಂದು. ಆದರೆ ಯಾವುದಾದರೂ ಯಂತ್ರದ ಮುಂದೆ ಕೂತರೆ ಮಾತ್ರ ಅವರ ಬಾಯಿಂದ ಎಕ್ಸ್‌ಚೇಂಜಿನ ಕನ್ನಡ ತಾನಾಗಿ ಹೊರಡುತ್ತಿತ್ತು, ಅದೂ ಬಹುವಚನದಲ್ಲಿ. ಮಿಕ್ಸಿ ತಿರುಗದಿದ್ದರೆ "ಏನು ತೊಂದರೆ ನಿಮಗೆ?" ಎಂದು ವಿಚಾರಿಸುತ್ತಿದ್ದರು. ಕಂಪ್ಯೂಟರು ಏಳಲು ತಡಮಾಡಿದರೆ "ಆಗಲಿ, ನಾನು ಲೈನಿನಲ್ಲಿ ಇದ್ದೇನೆ" ಎಂದು ಕಾಯುತ್ತಿದ್ದರು. ಯಂತ್ರಗಳಿಗೆಲ್ಲ ನೀವು, ನನಗೆ ಮಾತ್ರ ನೀನು. ಆ ಮಿಕ್ಸಿಯ ಮೇಲೂ ನನಗೆ ಹೊಟ್ಟೆಕಿಚ್ಚಾದದ್ದುಂಟು.

ಅವರದ್ದೊಂದು ನಿಯಮ ಇತ್ತು. ಏನೇ ಕೆಟ್ಟರೂ ಒಂದು ಸಲಕ್ಕೆ ಒಂದನ್ನೇ ಮುಟ್ಟಬೇಕು. "ಎರಡು ತಂತಿ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತ ನಿನ್ನ ಅಜ್ಜ ಬಂದು ಹೇಳ್ತಾನಾ?" ಎನ್ನುತ್ತಿದ್ದರು. ಸಾಂಬಾರಿಗೂ ಅದೇ ನಿಯಮ. ರುಚಿ ಸಾಲದಿದ್ದರೆ ಮೊದಲು ಉಪ್ಪು ಹಾಕಿ, ಕುದಿಸಿ, ನೋಡಿ, ಆಮೇಲೆ ಹುಳಿ. ನಾನು ಉಪ್ಪು, ಹುಳಿ, ಬೆಲ್ಲ ಎಲ್ಲವನ್ನೂ ಒಟ್ಟಿಗೆ ಹಾಕಿ ತಿರುಗಿಸುವವಳು. ಸಾಂಬಾರು ಚೆನ್ನಾದರೂ ಅವರು ಒಪ್ಪುತ್ತಿರಲಿಲ್ಲ. "ಚಂದ ಆಗಿದೆ, ಆದರೆ ಹೇಗೆ ಆಯಿತು ಅಂತ ನಿನಗೆ ಗೊತ್ತಿಲ್ಲ" ಎಂದು ಎಲೆಯ ಮುಂದೆ ಕೂತೇ ತೀರ್ಪು ಕೊಡುತ್ತಿದ್ದರು.

ಕಂಪ್ಯೂಟರು ಬಂದದ್ದು ನನಗಾಗಿ. ಇದನ್ನು ಒತ್ತಿ ಹೇಳುತ್ತೇನೆ. ಮದುವೆಗೆ ಮುಂಚೆ ನಾನು ಮೂಡುಬಿದಿರೆಯ ಒಂದು ಸ್ಟುಡಿಯೋದಲ್ಲಿ ಮದುವೆಯ ಆಲ್ಬಮ್ ವಿನ್ಯಾಸ ಮಾಡುತ್ತಿದ್ದೆ. ಯಾರ ಮುಖ ಎಲ್ಲಿ ಕೂರಬೇಕು, ಯಾವ ಹಾಳೆಯಲ್ಲಿ ಮದುಮಗಳು ಒಬ್ಬಳೇ ಇರಬೇಕು, ಯಾವ ಭಾವನ ಹೊಟ್ಟೆಯನ್ನು ಹೂವಿನ ಹಿಂದೆ ಮರೆಸಬೇಕು, ಅದು ನನ್ನ ಕೈಗೆ ಚೆನ್ನಾಗಿ ಒಗ್ಗಿದ ಕೆಲಸ. ಮದುವೆಯಾದ ಮೇಲೂ ಮನೆಯಿಂದಲೇ ಮಾಡಿಕೊಡಬಹುದು ಎಂದು ಸ್ಟುಡಿಯೋದವರು ಒಪ್ಪಿದರು. ಅದಕ್ಕೆ ಗಟ್ಟಿ ಯಂತ್ರ ಬೇಕು. ನನ್ನ ಗಂಡ ಬಿ.ಸಿ.ರೋಡಿನ ಬೈಕ್ ಶೋರೂಮಿನಲ್ಲಿ ಬಿಡಿಭಾಗಗಳ ಕೌಂಟರು ನೋಡಿಕೊಳ್ಳುವವರು. ಬಿಡಿಭಾಗ ಅಂದರೆ ಅವರಿಗೆ ಹಬ್ಬ. "ರೆಡಿ ಎಂತಕ್ಕೆ ತರುವುದು? ಬಿಡಿ ತಂದು ನಾವೇ ಜೋಡಿಸುವ" ಅಂದರು. ನಾವೇ ಅಂದರೆ ನಾನು ಮತ್ತು ಅವರು ಎಂದು ನಾನು ತಿಳಿದುಕೊಂಡೆ.

ನಾವೇ ಅಂದರೆ ಅವರು ಮತ್ತು ಅವರ ಅಮ್ಮ.

ಅದು ಭಾನುವಾರ. ಊಟದ ಮೇಜಿನ ಮೇಲೆ ಹಳೆಯ ಹತ್ತಿ ಪಂಚೆ ಹಾಸಿ ಇಬ್ಬರೂ ಎದುರು ಬದುರು ಕೂತರು. ಅತ್ತೆ ಒಂದು ತಿಂಗಳಿಂದ ಫೋನಿನಲ್ಲಿ ಕಂಪ್ಯೂಟರ್ ಜೋಡಿಸುವ ವೀಡಿಯೊ ನೋಡಿ ನೋಡಿ ತಯಾರಾಗಿದ್ದರು. ಸ್ಕ್ರೂಗಳು ಬೆರೆಯಬಾರದೆಂದು ಇಡ್ಲಿ ತಟ್ಟೆ ತರಿಸಿದರು. ಒಂದೊಂದು ಗುಳಿಯಲ್ಲಿ ಒಂದೊಂದು ಜಾತಿಯ ಸ್ಕ್ರೂ. ಅಂದು ನಾನು ಇಡ್ಲಿಗೆಂದು ಹಿಟ್ಟು ರುಬ್ಬಿಟ್ಟದ್ದು ಹುಳಿ ಬಂದು ದೋಸೆಯಾಯಿತು. ಮಗ ಓದಿ ಹೇಳುವುದು, ಅಮ್ಮ ಚುಚ್ಚುವುದು. ಅಮ್ಮ ಕೈ ಚಾಚುವುದು, ಮಗ ಸ್ಕ್ರೂಡ್ರೈವರ್ ಇಡುವುದು. ನಡುನಡುವೆ ಇಬ್ಬರೂ ಎಂತದ್ದೋ ಹಳೆಯ ಮಾತು ತೆಗೆದು ನಗುವುದು. ನಾನು ಚಾ ತಂದಿಟ್ಟು, ಒಂದು ಸ್ಕ್ರೂ ಆದರೂ ತಿರುಗಿಸೋಣವೆಂದು ಕೈ ಹಾಕಿದೆ. "ಕೈ ಒದ್ದೆ ಉಂಟು ನಿನ್ನದು" ಎಂದರು ಅತ್ತೆ, ತಲೆ ಎತ್ತದೆ. ಒದ್ದೆ ಇತ್ತು ನಿಜ. ಅವರು ಕುಡಿದ ಲೋಟ ತೊಳೆದು ಬಂದ ಒದ್ದೆ ಅದು.

ಯಂತ್ರ ಮೊದಲ ಸಲಕ್ಕೇ ಎದ್ದಿತು. ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು, "ನಮಸ್ಕಾರ, ಯಾರು ಬೇಕಿತ್ತು?" ಎಂದು ಅದನ್ನು ಕೇಳಿದರು. ನನ್ನವರು ನಕ್ಕದ್ದೇ ನಕ್ಕದ್ದು. ಮದುವೆಯಾದ ಮೇಲೆ ಅವರು ನನ್ನ ಯಾವ ಮಾತಿಗೂ ಅಷ್ಟು ನಕ್ಕಿರಲಿಲ್ಲ.

ಕೆಲಸ ಚೆನ್ನಾಗಿಯೇ ಸಾಗಿತು, ನವರಾತ್ರಿಯವರೆಗೆ. ಆಯುಧಪೂಜೆಯ ದಿನ ಮನೆಯಲ್ಲಿ ತಿರುಗುವ, ಕತ್ತರಿಸುವ, ಉರಿಯುವ ಎಲ್ಲಕ್ಕೂ ಗಂಧ, ಕುಂಕುಮ, ಹೂ. ಬೈಕು, ಹೊಲಿಗೆ ಯಂತ್ರ, ಮಿಕ್ಸಿ, ತರಕಾರಿ ಹೆಚ್ಚುವ ಮೆಟ್ಟುಕತ್ತಿ ಎಲ್ಲ ಸಾಲಾಗಿ ಮುಗಿದು ಕಂಪ್ಯೂಟರಿನ ಸರದಿ ಬಂತು. ನಾನು ಹೊರಗಿನ ಡಬ್ಬಕ್ಕೆ ಬೊಟ್ಟಿಡಲು ಹೊರಟರೆ ಅತ್ತೆ ತಡೆದರು. "ಡಬ್ಬಕ್ಕೆ ಹಚ್ಚಿದರೆ ಡಬ್ಬಕ್ಕೆ ಪೂಜೆಯಾಯಿತು. ಕೆಲಸ ಮಾಡುವವರು ಒಳಗಿದ್ದಾರಲ್ಲ" ಎಂದು ತಗಡು ಬಿಚ್ಚಿಸಿ, ಉಂಗುರ ಬೆರಳಿನಿಂದ ಒಳಗೆ ಒಬ್ಬೊಬ್ಬರಿಗೂ ಗಂಧ ಹಚ್ಚಿದರು. ಫ್ಯಾನಿಗೆ, ಡಿಸ್ಕಿಗೆ, ಕೊನೆಗೆ ರ‍್ಯಾಮ್ ಪಟ್ಟಿಗಳ ನೆತ್ತಿಗೆ. "ಒಳಗೆ ಬೇಡ ಮಾಮಿ, ಹಸಿ ಅಲ್ವಾ" ಎಂದೆ. "ಕರೆಂಟ್ ತೆಗೆದಿದ್ದೇನೆ, ನನಗೆ ಗೊತ್ತುಂಟು" ಎಂದರು. ನನ್ನವರು ಆರತಿ ಹಿಡಿದು ನಿಂತಿದ್ದರು.

ಕೆಲವು ವಾರ ಏನೂ ಆಗಲಿಲ್ಲ. ದೀಪಾವಳಿ ಕಳೆದ ಮೇಲೆ ಶುರುವಾಯಿತು. ನಾನು ಆಲ್ಬಮಿನ ಮಧ್ಯದಲ್ಲಿರುವಾಗ ಪರದೆ ಇದ್ದಕ್ಕಿದ್ದಂತೆ ನೀಲಿ. ಇಲ್ಲವೇ ಎಲ್ಲ ಹಾಗೇ ನಿಂತುಬಿಡುವುದು, ಮೌಸ್ ಅಲ್ಲಾಡುವುದಿಲ್ಲ. ಉಳಿಸಿಕೊಳ್ಳದ ಕೆಲಸ ಎಲ್ಲ ನೀರಿನಲ್ಲಿ ಹೋಮ. ದಿನಕ್ಕೊಮ್ಮೆ ಆಗುತ್ತಿದ್ದದ್ದು ಗಂಟೆಗೊಮ್ಮೆಯಾಯಿತು. ಮಾಡಿದ್ದನ್ನೇ ಮಾಡುತ್ತ ಮಾಡುತ್ತ ನನಗೆ ಅಳು ಬರುತ್ತಿತ್ತು.

ಆದರೆ ಅತ್ತೆ ಕೂತರೆ ಏನೂ ಆಗುತ್ತಿರಲಿಲ್ಲ! ಮಧ್ಯಾಹ್ನ ಊಟದ ಮೇಲೆ ಅವರು ಅದೇ ಕುರ್ಚಿಯಲ್ಲಿ ಕಾಲು ಮಡಚಿ ಕೂತು, ತಾಳಮದ್ದಳೆ ಹಾಕಿಕೊಂಡು, ಇಸ್ಪೀಟ್ ಆಡುತ್ತಿದ್ದರು. ಭೀಷ್ಮ ಮಾತಾಡಿ ಮುಗಿಸಿ, ಕೃಷ್ಣ ಮಾತಾಡಿ ಮುಗಿಸಿ, ಚೆಂಡೆ ಬಡಿದು ಮಂಗಳವಾಗುವವರೆಗೂ ಯಂತ್ರ ತಣ್ಣಗೆ ಕೆಲಸ ಮಾಡುತ್ತಿತ್ತು. ಅವರು ಎದ್ದು ನಾನು ಕೂತು ಅರ್ಧ ಗಂಟೆಯಾಗಬೇಕು, ನೀಲಿ.

ನನ್ನವರು ಅದನ್ನು ಪಟ್ಟಣದ ಒಬ್ಬ ರಿಪೇರಿಯವರ ಬಳಿಗೂ ಒಯ್ದು ತಂದರು. ಅವರು ವಿಂಡೋಸ್ ಅಳಿಸಿ ಹೊಸದಾಗಿ ಹಾಕಿಕೊಟ್ಟರು. ಮನೆಗೆ ತಂದ ಮೇಲೆ ಮತ್ತೆ ಅದೇ ರಾಗ. ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತ ನನ್ನವರು ನನ್ನನ್ನು ಕೇಳಿದರು: "ಅಮ್ಮ ಕೂತಾಗ ಸರಿ ಇರ್ತದಲ್ಲ. ನೀನು ಎಂತ ಮಾಡ್ತೀ ಅದಕ್ಕೆ?"

"ಎಂತ ಮಾಡ್ತೇನೆ? ಕೆಲಸ ಮಾಡ್ತೇನೆ" ಎಂದೆ.

"ಅಲ್ಲ, ಸಿಟ್ಟಾಗಬೇಡ. ನಿನಗೆ ಅದು ಆಗಿಬರುವುದಿಲ್ಲವೋ ಏನೋ."

ಆಗಿಬರುವುದಿಲ್ಲ! ಬಂಟ್ವಾಳಕ್ಕೆ ಮದುವೆಯಾಗಿ ಹೋದ ನನ್ನ ನಾದಿನಿಯ ಕಿವಿಗೂ ಇದು ಬಿತ್ತು. ಫೋನಿನಲ್ಲಿ ಅಣ್ಣನ ಹತ್ತಿರ ಅವಳು, "ಕೆಲವರ ಕೈಗುಣ ಹಾಗೇ ಅಣ್ಣ, ಅತ್ತಿಗೆಯದ್ದು ಹಾಗಿರಬೇಕು" ಎಂದದ್ದು ಸ್ಪೀಕರಿನಲ್ಲಿ ನನಗೇ ಕೇಳಿಸಿತು. ನನ್ನ ಕೈಗುಣ! ನಾನು ಮುಟ್ಟಿದ ಮೊಸರು ಹೆಪ್ಪಾಗುತ್ತಿತ್ತು, ನೆಟ್ಟ ಬಸಳೆ ಚಪ್ಪರ ತುಂಬುತ್ತಿತ್ತು. ಮೈಯೆಲ್ಲ ಉರಿದುಹೋಯಿತು. ಆದರೆ ಕಣ್ಣೆದುರೇ ಯಂತ್ರ ಅತ್ತೆಯ ಮುಂದೆ ಕೆಲಸ ಮಾಡುತ್ತಿತ್ತು, ನನ್ನ ಮುಂದೆ ಸಾಯುತ್ತಿತ್ತು.

ಅದೇ ಹೊತ್ತಿಗೆ ವಿಟ್ಲದ ಒಂದು ಬ್ಯಾರಿ ಮದುವೆಯ ಆಲ್ಬಮ್ ಬಂತು. ಮದುಮಗ ಗಲ್ಫಿನವನು, ರಜೆ ಮುಗಿಸಿ ಹೊರಡುವ ಮೊದಲು ಆಲ್ಬಮ್ ಅವನ ಕೈಸೇರಬೇಕು. ಸ್ಟುಡಿಯೋದವರು ಮೃದುವಾಗಿಯೇ ಹೇಳಿದರು: "ನೋಡಮ್ಮ, ಇದೊಂದು ಹೊತ್ತಿಗೆ ಸರಿಯಾಗಿ ಆಗಲಿ. ಆಗದಿದ್ದರೆ ಮುಂದಿನದ್ದನ್ನು ನಾನು ಬೇರೆಯವರಿಗೆ ಕೊಡಬೇಕಾಗ್ತದೆ, ಬೇಸರ ಮಾಡಬೇಡ." ನನ್ನವರು ಅದಕ್ಕೂ ಪರಿಹಾರ ಕಂಡುಕೊಂಡಿದ್ದರು. "ಬಿಡು, ಅದು ಬೇಡ ಇನ್ನು. ಶಾಲೆಯಲ್ಲಿ ಎಂತಾದರೂ ಕೆಲಸ ಸಿಗ್ತದೋ ವಿಚಾರಿಸುವ. ಕಂಪ್ಯೂಟರು ಅಮ್ಮನಿಗೆ ತಾಳಮದ್ದಳೆಗೆ ಆಯಿತು." ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನ್ನ ಕೆಲಸ ಹೋಗುವುದು, ನನ್ನ ಯಂತ್ರ ಅತ್ತೆಗೆ ಹೋಗುವುದು, ಕೈಗುಣ ಸರಿಯಿಲ್ಲದ ಸೊಸೆ ಎಂಬ ಹೆಸರು ಮಾತ್ರ ನನಗೆ ಉಳಿಯುವುದು. ಆ ದಿನ ನಾನು ಅನ್ನ ಉಣ್ಣಲಿಲ್ಲ.

ಮರುದಿನ ನನ್ನವರು ಕೆಲಸಕ್ಕೆ ಹೋದ ಮೇಲೆ ಅತ್ತೆ ಒಂದು ಮಣೆ, ಒಂದು ಬುಟ್ಟಿ ಅಲಸಂಡೆ ಹಿಡಿದುಕೊಂಡು ಬಂದು ನನ್ನ ಕುರ್ಚಿಯ ಹಿಂದೆ ಕೂತರು. "ನೀನು ಮಾಡು. ನಾನು ಇಲ್ಲಿ ಅಲಸಂಡೆ ಮುರೀತೇನೆ" ಅಂದರು. ನನ್ನ ಬೆನ್ನಿಗೆ ಕಣ್ಣಿಟ್ಟು ಕೂತಿದ್ದಾರೆ, ನಾನು ಯಂತ್ರಕ್ಕೆ ಏನು ಮಾಡುತ್ತೇನೆಂದು ಹಿಡಿದು ಮಗನಿಗೆ ಹೇಳಲಿಕ್ಕೆ ಎಂದುಕೊಂಡೆ. ಮುಖ ಊದಿಸಿಕೊಂಡೇ ಕೆಲಸ ಶುರುಮಾಡಿದೆ. ಹಿಂದೆ ಅಲಸಂಡೆ ಮುರಿಯುವ ಸದ್ದು, ನಡುವೆ ಅವರು ಎದ್ದು ಕಂಪ್ಯೂಟರಿನ ಮೈಗೆ ಅಂಗೈ ಇಟ್ಟು ಬಿಸಿ ನೋಡುವುದು.

"ಒಟ್ಟಿಗೆ ಎಷ್ಟು ಫೋಟೋ ತೆರೆದಿದ್ದೀ?"

"ಬೇಕಲ್ಲ ಮಾಮಿ. ಒಂದು ಹಾಳೆಗೆ ಅಷ್ಟೂ ಬೇಕು. ಮತ್ತೆ ಹಿಂದಿನ ಹಾಳೆಯೂ ತೆರೆದಿರಬೇಕು, ಬಣ್ಣ ಹೊಂದಬೇಕಲ್ಲ."

ಅವರು ಮತ್ತೆ ಅಲಸಂಡೆಗೆ ಕೈ ಹಾಕಿದರು. ಪರದೆ ನೀಲಿಯಾದಾಗ ಬುಟ್ಟಿ ಕೆಳಗಿಟ್ಟರು.

"ಗೊತ್ತಾಯಿತು ಮಾರಾಯ್ತಿ" ಅಂದರು. "ಈ ಕಂಪ್ಯೂಟರು ಒಂದು ಮನೆ ಅಂತ ತಿಳಿ. ನಾನು ಇಲ್ಲಿಗೆ ಬಂದು ಹೊಸ್ತಿಲಲ್ಲಿ ಕೂತು ಎದ್ದು ಹೋಗುವವಳು. ಒಂದು ತಾಳಮದ್ದಳೆ, ಒಂದು ಇಸ್ಪೀಟು, ಅಷ್ಟೇ ಅಲ್ವಾ ನನ್ನದು? ನೀನು ಇಡೀ ಮನೆಯಲ್ಲಿ ಓಡಾಡುವವಳು. ಒಳಕೋಣೆಯಲ್ಲಿ ಹಲಗೆ ಮುರಿದಿದ್ದರೆ ಯಾರ ಕಾಲು ಸಿಕ್ಕಿಬೀಳ್ತದೆ? ನನ್ನದಾ, ನಿನ್ನದಾ?"

ನಾನು ತಿರುಗಿ ನೋಡಿದೆ. ಅವರು ನನ್ನನ್ನಲ್ಲ, ಯಂತ್ರವನ್ನು ನೋಡುತ್ತಿದ್ದರು. "ನಿನ್ನ ಕೆಲಸ ದೊಡ್ಡದು, ಅದಕ್ಕೇ ದೋಷ ನಿನಗೆ ಕಾಣುವುದು. ನನ್ನ ಹತ್ತಿರ ಅದು ಸರಿಯಾಗಿ ಇರುವುದಲ್ಲ, ನಾನು ಅದರ ಹತ್ತಿರ ಏನೂ ಕೇಳುವುದಿಲ್ಲ."

ಅಷ್ಟು ತಿಂಗಳಲ್ಲಿ ಯಾರೂ ನನಗೆ ಹೇಳದಿದ್ದ ಮಾತು ಅದು. ಸಂತೋಷವಾಗಬೇಕಿತ್ತು. ಆದರೆ ಮೊದಲು ಬಂದದ್ದು, ಇದು ನನಗೇ ಯಾಕೆ ಹೊಳೆಯಲಿಲ್ಲ, ಇವರಿಗೇ ಯಾಕೆ ಹೊಳೆಯಬೇಕು ಎಂಬ ಸಂಕಟ.

ಒಟ್ಟಿಗೆ ತೆರೆದ ಫೋಟೋಗಳೆಲ್ಲ ಕೂರುವುದು ರ‍್ಯಾಮಿನಲ್ಲಿ, ಅಂದರೆ ಯಂತ್ರದ ಮೆಮೊರಿಯಲ್ಲಿ. ಆ ಮೆಮೊರಿ ಪರೀಕ್ಷಿಸುವ ಪ್ರೋಗ್ರಾಮೊಂದನ್ನು ನಾನು ಪೆನ್‌ಡ್ರೈವಿಗೆ ಇಳಿಸಿದೆ. ಅದು ರ‍್ಯಾಮಿನ ಮೂಲೆಮೂಲೆಗೂ ಏನೋ ಬರೆದು, ಮತ್ತೆ ಓದಿ, ಬರೆದದ್ದೇ ಇದೆಯೇ ಎಂದು ನೋಡುತ್ತದೆ. ತಪ್ಪು ಸಿಕ್ಕಿದರೆ ಕೆಂಪು ಗೆರೆ. ಹಾಕಿದ್ದೇ ತಡ, ಪರದೆ ತುಂಬ ಕೆಂಪು ಸಾಲು. ಅತ್ತೆ ಕೈಮುಗಿದು, "ತೊಂದರೆ ತಿಳಿಸಿದ್ದಕ್ಕೆ ಧನ್ಯವಾದಗಳು" ಎಂದು ಯಂತ್ರಕ್ಕೆ ಹೇಳಿದರು. ಆಮೇಲೆ ಇಡ್ಲಿ ತಟ್ಟೆ ತರಲು ನನಗೆ ಹೇಳಿದರು.

ಒಳಗೆ ರ‍್ಯಾಮ್ ಚುಚ್ಚಲು ನಾಲ್ಕು ಜಾಗ, ಪಟ್ಟಿಗಳು ಎರಡು. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಉಗುರಿನಿಂದ ಕ್ಲಿಪ್ಪು ಎಬ್ಬಿಸಿ, ಅವರು ಒಂದು ಪಟ್ಟಿ ತೆಗೆದಿಟ್ಟು ಇನ್ನೊಂದನ್ನು ಮಾತ್ರ ಪರೀಕ್ಷೆಗೆ ಬಿಟ್ಟರು. ಕೆಂಪು ಇಲ್ಲ. ಅದನ್ನು ತೆಗೆದು, ಬದಿಗಿಟ್ಟಿದ್ದ ಎರಡನೆಯದನ್ನು ಅದು ಮೊದಲಿದ್ದ ಜಾಗದಲ್ಲಿಯೇ ಹಾಕಿದರು. ಕೆಂಪು. "ಹಾಗಾದರೆ ಇದೇ ಹಾಳು, ಬಿಸಾಡುವ" ಎಂದು ನಾನು ಅವಸರ ಮಾಡಿದೆ. ಅತ್ತೆ ಟಾರ್ಚು ಬಾಯಲ್ಲಿಟ್ಟುಕೊಂಡೇ ತಲೆಯಾಡಿಸಿದರು. ಪಟ್ಟಿಯೂ ಬದಲಾಗಿದೆ, ಜಾಗವೂ ಬದಲಾಗಿದೆ, ಎರಡು ಒಟ್ಟಿಗೆ ಮುಟ್ಟಿದ ಹಾಗಾಯಿತು. ಆ ಎರಡನೆಯ ಪಟ್ಟಿಯನ್ನೇ ಮೊದಲನೆಯದರ ಜಾಗಕ್ಕೆ ಹಾಕಿದರು. ಕೆಂಪು ಇಲ್ಲ! ಒಳ್ಳೆಯದೆಂದು ಗೊತ್ತಾಗಿದ್ದ ಮೊದಲನೆಯದನ್ನು ಎರಡನೆಯದರ ಹಳೆಯ ಜಾಗಕ್ಕೆ ಹಾಕಿದರೆ, ಕೆಂಪೋ ಕೆಂಪು.

"ಹುಡುಗಿಯರಿಬ್ಬರೂ ಒಳ್ಳೆಯವರೇ" ಎಂದರು ಅತ್ತೆ, ಟಾರ್ಚು ತೆಗೆದು ತುಟಿ ಒರೆಸಿಕೊಂಡು. "ಕೂರಿಸಿದ ಜಾಗ ಸರಿಯಿಲ್ಲ."

ಆ ಜಾಗದೊಳಕ್ಕೆ ಟಾರ್ಚು ಹಿಡಿದರು. ಬಗ್ಗಿ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. "ನೀನು ನೋಡು" ಎಂದು ಸರಿದು ಕೂತರು. ಸೀಳಿನ ಒಳಗೆ, ಚಿನ್ನದ ಬಣ್ಣದ ಹಲ್ಲುಗಳ ನಡುವೆ, ತಿಳಿ ಹಳದಿಯ ಒಣ ಹಕ್ಕಳೆ. ಮೂಗು ಹತ್ತಿರ ಒಯ್ದರೆ ಇನ್ನೂ ಸಣ್ಣಗೆ ಪರಿಮಳ. ಆಯುಧಪೂಜೆಯ ಗಂಧ. ನೆತ್ತಿಗೆ ಹಚ್ಚಿದ್ದು ಹನಿಯಾಗಿ ಬದಿಯಿಂದ ಇಳಿದು, ಒಳಗೆ ಹೋಗಿ, ನಿಧಾನಕ್ಕೆ ಒಣಗಿ ಹಲ್ಲು ಹಿಡಿದಿತ್ತು.

ನಾನು ಅಂದು ಬೇಡ ಎಂದಿದ್ದೆ. ಆ ಮಾತು ಈಗ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಸಂಜೆ ಇವರು ಬರಲಿ, ನಾದಿನಿಗೂ ಫೋನು ಮಾಡುತ್ತೇನೆ, ಯಾರ ಕೈಗುಣ ಎಂದು ಎಲ್ಲರಿಗೂ ತಿಳಿಯಲಿ. ಎಂತೆಂಥ ಮಾತು ಎಷ್ಟು ಗಟ್ಟಿಯಾಗಿ ಹೇಳಬೇಕೆಂದು ಅಡುಗೆ ಮಾಡುತ್ತ ಜೋಡಿಸಿಟ್ಟುಕೊಂಡೆ. ಆ ಮಧ್ಯಾಹ್ನದಷ್ಟು ರುಚಿಯಾದ ಅಲಸಂಡೆ ಪಲ್ಯ ನಾನು ಮತ್ತೆ ಮಾಡಿಲ್ಲ.

ಅತ್ತೆ ನನಗೆ ಅವಕಾಶವನ್ನೇ ಕೊಡಲಿಲ್ಲ. ಮಗ ಬೈಕಿನಿಂದ ಇಳಿಯುತ್ತಿದ್ದಂತೆ ಜಗಲಿಯಿಂದಲೇ ಕೂಗಿ ಹೇಳಿದರು: "ಕಂಪ್ಯೂಟರು ಹಾಳು ಮಾಡಿದ್ದು ನಾನು. ನನ್ನ ಗಂಧ."

ನನ್ನವರು ಹೆಲ್ಮೆಟ್ಟು ಹಿಡಿದುಕೊಂಡು ಹೊಟ್ಟೆ ತುಂಬ ನಕ್ಕರು. "ಅಮ್ಮ, ನೀನಲ್ಲದಿದ್ದರೆ ಇದನ್ನು ಕಂಡುಹಿಡಿಯಲಿಕ್ಕೆ ಯಾರಿಗೆ ಆಗ್ತಿತ್ತು ಮಾರಾಯ್ತಿ!" ಎಂದು ಅವರ ಭುಜ ಹಿಡಿದು ಅಲುಗಾಡಿಸಿದರು. ನೋಡಿ! ಹಾಳು ಮಾಡಿದ್ದಕ್ಕೂ ಹೊಗಳಿಕೆ ಅವರಿಗೇ. ಬಾಗಿಲ ಹಿಂದೆ ನಿಂತಿದ್ದ ನನಗೆ ಕಣ್ಣಲ್ಲಿ ನೀರು ತುಂಬಿತು.

"ನಗಬೇಡ" ಎಂದರು ಅತ್ತೆ. ಆ ದನಿ ಬೇರೆ ಇತ್ತು. "ಇವಳಿಗೆ ಆಗಿಬರುವುದಿಲ್ಲ ಅಂತ ಹೇಳಿದ್ದೆ ಅಲ್ವಾ ನೀನು? ಆ ಮಾತು ವಾಪಸ್ ತೆಗೆದುಕೊ. ಈಗ, ಇಲ್ಲೇ, ಅವಳಿಗೆ ಕೇಳುವ ಹಾಗೆ."

ನನ್ನವರ ನಗು ಅರ್ಧಕ್ಕೆ ನಿಂತಿತು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು, "ತಪ್ಪಾಯಿತು" ಎಂದರು, ನೆಲ ನೋಡಿಕೊಂಡು. ಅಷ್ಟಕ್ಕೂ ಅತ್ತೆ ಬಿಡಲಿಲ್ಲ. ಫೋನು ತೆಗೆದು ಬಂಟ್ವಾಳಕ್ಕೆ ಮಾಡಿದರು, ಸ್ಪೀಕರಿಗೆ ಹಾಕಿದರು. "ಕೈಗುಣ ಸರಿಯಿಲ್ಲದ್ದು ನಿನ್ನ ಅತ್ತಿಗೆಯದ್ದಲ್ಲ, ನಿನ್ನ ಅಮ್ಮನದ್ದು. ಕೇಳಿತಾ? ಕೇಳಿತು ಅಂತ ಹೇಳು" ಎಂದು ಹೇಳಿಸಿಕೊಂಡೇ ಲೈನು ಕಟ್ ಮಾಡಿದರು.

ಸೀಳಿನ ಹಲ್ಲುಗಳನ್ನು ಬ್ರಷ್ಷಿನಿಂದ ಉಜ್ಜಿ, ಸ್ಪಿರಿಟ್ ಹಾಕಿ ನೋಡಿದರೂ ಆ ಜಾಗ ಪೂರ್ತಿ ಸರಿಯಾಗಲಿಲ್ಲ. ಪಟ್ಟಿಗಳ ಕಾಲನ್ನು ಶಾಲೆಮಕ್ಕಳ ರಬ್ಬರಿನಿಂದ ಉಜ್ಜಿ ಹೊಳಪು ಬರಿಸಿದ ಮೇಲೆ, ಖಾಲಿ ಬಿದ್ದಿದ್ದ ಇನ್ನೆರಡು ಜಾಗಕ್ಕೆ ಅವನ್ನು ಸ್ಥಳಾಂತರಿಸುವುದೆಂದಾಯಿತು. ನನ್ನವರು ರೂಢಿಯಂತೆ ಅಮ್ಮನ ಎದುರು ಕೂರಲು ಬಂದರು. ಅತ್ತೆ ಅವರನ್ನು ಎಬ್ಬಿಸಿದರು. "ನೀನು ಹೋಗಿ ಚಾ ಮಾಡು. ಇವಳು ಕೂರಲಿ."

"ಕೈ ಒದ್ದೆ ಉಂಟು ಮಾಮಿ" ಎಂದೆ ನಾನು, ಬೇಕೆಂದೇ.

ಅವರಿಗೆ ಅರ್ಥವಾಯಿತು. ನನ್ನ ಎರಡೂ ಕೈ ಹಿಡಿದು ತಮ್ಮ ಸೆರಗಿನಿಂದ ಬೆರಳು ಬೆರಳನ್ನೂ ಒರೆಸಿದರು. ಆಮೇಲೆ ಪಟ್ಟಿಯನ್ನು ನನ್ನ ಅಂಗೈಯಲ್ಲಿಟ್ಟು, ತಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. "ಒತ್ತು. ಹೆದರಬೇಡ. ಎರಡು ಬದಿಯಲ್ಲೂ ಟಕ್ ಅಂತ ಕೇಳಬೇಕು, ಒಂದು ಬದಿ ಕೇಳಿದರೆ ಸಾಲದು."

ಒತ್ತಿದೆ. ಎರಡು ಬದಿಯಲ್ಲೂ ಕೇಳಿತು. ಪರೀಕ್ಷೆ ಓಡಿಸಿದೆವು, ಕೆಂಪು ಗೆರೆ ಒಂದೂ ಬರಲಿಲ್ಲ. ವಿಟ್ಲದ ಮದುಮಗ ಆಲ್ಬಮನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ ವಿಮಾನ ಹತ್ತಿದನಂತೆ. ಸ್ಟುಡಿಯೋದವರು ಇಂದಿಗೂ ನನಗೇ ಕೆಲಸ ಕಳಿಸುತ್ತಾರೆ.

ಅತ್ತೆ ಮಾತ್ರ ಈ ಗಂಧದ ಕಥೆಯನ್ನು ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಮುಂಡಾಜೆಯ ನೆಂಟರ ಮನೆಯಲ್ಲಿ, ಸಿಕ್ಕ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಕೇಳಿದವರೆಲ್ಲ, "ಎಷ್ಟು ದೊಡ್ಡ ಮನಸ್ಸು ನೋಡಿ, ಸೊಸೆಯ ಮುಂದೆ ಹೀಗೆ ಒಪ್ಪಿಕೊಳ್ಳುವವರು ಯಾರಿದ್ದಾರೆ?" ಎನ್ನುತ್ತಿದ್ದರು. ಪಕ್ಕದಲ್ಲಿ ನಿಂತ ನಾನು ಹಲ್ಲು ಕಚ್ಚಿ ನಗುತ್ತಿದ್ದೆ. ಅಂದು ಬೇಡ ಎಂದು ಹೇಳಿದ್ದವಳ ಹೆಸರು ಆ ಕಥೆಯಲ್ಲಿ ಒಮ್ಮೆಯೂ ಬರಲಿಲ್ಲ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ. "ನೀನು ಹೇಳಿದ್ದು ಹೌದು, ಆದರೆ ಗಟ್ಟಿಯಾಗಿ ಹೇಳಲಿಲ್ಲ. ಲೈನಿನಲ್ಲಿ ಗಟ್ಟಿಯಾಗಿ ಮಾತಾಡಬೇಕು" ಎಂದರು.

ಆಮೇಲಿನ ವರ್ಷಗಳಲ್ಲಿ ಯಂತ್ರದ ತಗಡು ಬಿಚ್ಚುವುದೆಂದರೆ ನಾನು ಮತ್ತು ಅವರು. ಧೂಳು ತೆಗೆಯುವುದು, ಫ್ಯಾನು ಬದಲಿಸುವುದು, ಹೊಸ ಡಿಸ್ಕು ಹಾಕುವುದು. ಮೇಜಿನ ಮೇಲೆ ಅದೇ ಪಂಚೆ, ಅದೇ ಇಡ್ಲಿ ತಟ್ಟೆ. ಚಾ ತರುವವರು ನನ್ನವರು. ಒಮ್ಮೆ ಅವರು ಲೋಟ ಇಟ್ಟು, "ನಿಮ್ಮಿಬ್ಬರ ನಡುವೆ ನಾನು ಯಾರು?" ಎಂದು ಗೊಣಗಿಕೊಂಡು ಹೋದರು. ಅತ್ತೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಅಂಥ ಹಿತವಾದ ಗೊಣಗಾಟ ನಾನು ಇನ್ನೊಂದು ಕೇಳಿಲ್ಲ.

ಕಳೆದ ಮಳೆಗಾಲದಲ್ಲಿ ಅತ್ತೆ ಹೋದರು. ಜ್ವರ ಎಂದು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದು, ಮತ್ತೆ ಮನೆಗೆ ನಡೆದು ಬರಲಿಲ್ಲ. ಬಂಟ್ವಾಳದಿಂದ ನಾದಿನಿ ಬಂದವಳೇ "ನನ್ನ ಅಮ್ಮಾ" ಎಂದು ಅವರ ಎದೆಯ ಮೇಲೆ ಬಿದ್ದು ಅತ್ತಳು. ಹೆಂಗಸರೆಲ್ಲ ಅವಳನ್ನು ಹಿಡಿದುಕೊಂಡರು, ನೀರು ಕುಡಿಸಿದರು. ನಾನು ನೆರೆಮನೆಯವರು ತಂದ ಚಾವನ್ನು ಲೋಟಗಳಿಗೆ ಹೊಯ್ಯುತ್ತಿದ್ದೆ. ಸೊಸೆ ಅಷ್ಟು ದೊಡ್ಡದಾಗಿ ಅತ್ತರೆ ಜನ ನಾಟಕ ಎನ್ನುತ್ತಾರೆ. ಅವಳಿಗೆ ಕೂಗಲು ಹಕ್ಕಿತ್ತು, ನನಗೆ ಲೋಟ ತುಂಬುವ ಕೆಲಸವಿತ್ತು. ಆ ಹೊತ್ತಿನಲ್ಲಿ ನನಗೆ ಅವಳ ಮೇಲೆ ಹುಟ್ಟಿದ ಹೊಟ್ಟೆಕಿಚ್ಚು, ಅತ್ತೆಯ ಮೇಲೆ ಜೀವಮಾನವೆಲ್ಲ ಪಟ್ಟದ್ದಕ್ಕಿಂತ ದೊಡ್ಡದು.

ಉತ್ತರಕ್ರಿಯೆಗೆ ದೊಡ್ಡ ಫೋಟೋ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾದಿನಿ ತನ್ನ ಮದುವೆಯದ್ದನ್ನು ಆರಿಸಿಕೊಟ್ಟಳು. ರೇಷ್ಮೆ ಸೀರೆ, ಮಲ್ಲಿಗೆ, ಕೈಗಳು ಸೆರಗಿನೊಳಗೆ. "ಇದರಲ್ಲಿ ಅಮ್ಮ ಎಷ್ಟು ಚಂದ ಕಾಣ್ತಾರೆ ಅಲ್ವಾ ಅತ್ತಿಗೆ?" ಎಂದಳು. ಹೌದು ಎಂದೆ. ಹಿನ್ನೆಲೆಯ ಜನರನ್ನೆಲ್ಲ ತೆಗೆದು, ಬಣ್ಣ ಸರಿಮಾಡಿ, ದೊಡ್ಡದು ಮಾಡಿದೆ. ಯಂತ್ರ ಒಮ್ಮೆಯೂ ತಡವರಿಸಲಿಲ್ಲ. ಈಗ ಆ ಫೋಟೋಕ್ಕೆ ಮಾಲೆ ಹಾಕಿ ಚಾವಡಿಯಲ್ಲಿ ಇಟ್ಟಿದ್ದೇವೆ. ಬಂದವರೆಲ್ಲ ಅದನ್ನು ನೋಡಿ ಕೈಮುಗಿಯುತ್ತಾರೆ.

ನನ್ನ ಹತ್ತಿರ ಇನ್ನೊಂದು ಫೋಟೋ ಉಂಟು. ಒಂದು ಭಾನುವಾರ, ಅತ್ತೆಗೆ ಗೊತ್ತಾಗದ ಹಾಗೆ ನಾನೇ ಫೋನಿನಲ್ಲಿ ತೆಗೆದದ್ದು. ಹಲ್ಲಿನಲ್ಲಿ ಟಾರ್ಚು, ಮೂಗಿನ ತುದಿಗೆ ಜಾರಿದ ಕನ್ನಡಕ, ಕ್ಲಿಪ್ಪಿನ ಮೇಲೆ ಆ ಉಗುರು. ನಾದಿನಿ ಅದನ್ನು ನೋಡಿಲ್ಲ. ಅತ್ತೆಯ ಮಗನೂ ನೋಡಿಲ್ಲ. ತೋರಿಸಿದರೆ ಇಬ್ಬರೂ ಕೇಳುತ್ತಾರೆ, ಕಳಿಸು ಎನ್ನುತ್ತಾರೆ, ಆಮೇಲೆ ಅದು ಎಲ್ಲರ ಫೋನಿನಲ್ಲೂ ಓಡಾಡುತ್ತದೆ. ಅದು ಆಗುವುದಿಲ್ಲ. ಅವರು ಅದರಲ್ಲಿ ಯಾರ ಅಮ್ಮನೂ ಅಲ್ಲ, ನನ್ನ ಮಾಮಿ. ನಿಮಗೆ ಇಷ್ಟು ಹೇಳಿದ್ದೇ ಹೆಚ್ಚಾಯಿತು.